ಮುನಿಗಂಗಮ್ಮ ಒತ್ತಿದ ಗುಂಡಿ

ನನ್ನ ಜ್ಞಾಪಕಕ್ಕೆ ತುಕ್ಕು ಹಿಡಿದಿದೆ ಅಂತ ಗ್ರೂಪಿನಲ್ಲಿ ಹಲ್ಲು ಕಿಸಿಯುವವರು ಮೊದಲು ಬಾಯಿ ಮುಚ್ಚಿಕೊಂಡು ಕೇಳಿ. ನಿನ್ನೆ ತಿಂದ ತಿಂಡಿ ಮರೆತಿರಬಹುದು. ಉರಿಗಾಂ ಊರಿನ ಸೆಲ್ವರಾಜನ ವೈವಾ ಪರೀಕ್ಷೆ ಮರೆಯುವವನಲ್ಲ ನಾನು.

ಸೆಲ್ವರಾಜನ ಜೊತೆ ಬಿಸಿಎ ಓದಿದವರೆಲ್ಲ ಮೂರು ವರ್ಷಕ್ಕೆ ಡಿಗ್ರಿ ಹಿಡಿದುಕೊಂಡು ಹೊರಟುಬಿಟ್ಟರು. ಆನರ್ಸ್ ಅಂತ ನಾಲ್ಕನೇ ವರ್ಷಕ್ಕೆ ಕೂತವನು ಇವನೊಬ್ಬನೇ. ಬಂಗಾರಪೇಟೆ ಕಾಲೇಜಿನಲ್ಲಿ ಅಂಬರೀಶ್ ಮೇಷ್ಟ್ರು ಹಾಜರಿ ಕೂಗಿದರೆ, ಮದುವೆ ಮುಗಿದ ಛತ್ರದಲ್ಲಿ ಉಳಿದ ಒಂಟಿ ಚಪ್ಪಲಿಯ ಹಾಗೆ ಕೂತು "ಪ್ರೆಸೆಂಟ್ ಸಾರ್" ಅನ್ನುವನು. ಡಬ್ಬಿ ಬಿಚ್ಚಿದರೆ ಒಂದು ತುತ್ತು ಕೇಳುವವರಿಲ್ಲ. ಪ್ರಬಂಧ ಪಾಸಾದರೆ ಈ ಒಂಟಿ ವಾಸ ಮುಗಿಯಿತು; ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಬೆಂಚು.

ಪ್ರಬಂಧದ ವಿಷಯ ಅವನ ಬೀದಿಯ ನಲ್ಲಿ. ಬೇತಮಂಗಲದ ಕೆರೆಯಿಂದ ಬಿಡುವ ನೀರು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಬಂದ ಕೂಡಲೇ ನಲ್ಲಿ ಪಕ್ಕದ ಮನೆಯ ಮುನಿಗಂಗಮ್ಮಜ್ಜಿ ಫೋನಿನಲ್ಲಿ ಇವನು ಮಾಡಿಕೊಟ್ಟ ಆ್ಯಪ್‌ನ ಗುಂಡಿ ಒತ್ತಬೇಕು. ಬೀದಿಯವರ ಫೋನೆಲ್ಲ ಕೂಗಿಕೊಳ್ಳುತ್ತವೆ.

"ವೈವಾಕ್ಕೆ ಇದನ್ನು ಬಳಸುವ ಒಬ್ಬಿಬ್ಬರನ್ನು ಕರೆದುಕೊಂಡು ಬಾ" ಅಂದಿದ್ದರು ಪರೀಕ್ಷಕರು. ಎದುರುಮನೆ ಕಲಾಳ ಹತ್ತಿರ ಬಾಯಿ ಬಿಟ್ಟ ನೋಡಿ, ಬೆಳಿಗ್ಗೆ ಇಡೀ ಬೀದಿಯೇ ರೈಲಿಗೆ ಹೊರಟಿತು.

"ನಮ್ ಉಡುಗ ಒಬ್ನೇ ನಿಂತ್ಕಂಡ್ರೆ ಎದ್ರುಕತಾನೆ" ಅಂದಳು ಕಲಾ.

"ಅದ್ಯಾರು ಫೇಲ್ ಮಾಡ್ತಾರೋ ನೋಡಾನ, ನಾನಿಲ್ವಾ?" ಪಕ್ಕದಮನೆ ಆರುಮುಗಂ ಮೀಸೆ ತಿರುವಿದ.

"ನಾನೂ ಬತ್ತೀನಿ ಕಣ್ಲಾ" ಅಂತ ಅಜ್ಜಿ ಸೆರಗು ಹೊದ್ದು ಎದ್ದಳು.

"ನೀನಿಲ್ಲೇ ಇರ್ಬೇಕಜ್ಜಿ. ಗುಂಡಿ ಯಾರ್ ಒತ್ತೋರು?" ಅಂದ ಸೆಲ್ವರಾಜ.

ವೈವಾ ಕೋಣೆ ಸಂತೆಯಾಯಿತು. ಪ್ರಶ್ನೆ ಸೆಲ್ವರಾಜನಿಗೆ, ಉತ್ತರ ಆರುಮುಗಂನಿಂದ. "ಇದರಿಂದೇನು ಉಪಯೋಗ?" ಅಂದದ್ದಕ್ಕೆ ಕಲಾ ತನಗೂ ಓರಗಿತ್ತಿಗೂ ನೀರಿನ ಕೊಡಕ್ಕಾಗಿ ಆದ ಜಗಳವನ್ನು ಮೊದಲಿಂದ ಹೇಳತೊಡಗಿದಳು. ಪರೀಕ್ಷಕರು ಸಿಟ್ಟಿನಿಂದ ಎದ್ದೇ ನಿಂತರು.

ಆಗ ಎಲ್ಲರ ಫೋನೂ ಒಟ್ಟಿಗೆ ಕೂಗಿಕೊಂಡವು.

"ನೀರ್ ಬಂತು! ಬನ್ರೋ!" ಬಾಗಿಲಲ್ಲಿದ್ದ ಅಂಬರೀಶ್ ಮೇಷ್ಟ್ರನ್ನು ಬುಗುರಿಯ ಹಾಗೆ ತಿರುಗಿಸಿ ಆರುಮುಗಂ ಓಡಿದ. ಹಿಂದೆಯೇ ಬೀದಿಯೆಲ್ಲ ಆಟೋಗಳಿಗೆ ಮುಗಿಬಿತ್ತು.

ಪರೀಕ್ಷಕರ ಮುಖ ಅರಳಿತು. "ಭೇಷ್ ಕಣಯ್ಯ! ಇದಕ್ಕಿಂತ ಸಾಕ್ಷಿ ಬೇಕಾ? ಅವರು ಊರು ಸೇರಿದ ಮೇಲೆ ಆ ನೀರೊಂದು ತೋರಿಸಿಬಿಡು, ಪಾಸು."

ಪರೀಕ್ಷಕರು ಊಟ ಮುಗಿಸಿ ಬರುವ ಹೊತ್ತಿಗೆ ಕಲಾಳ ವಿಡಿಯೊ ಕಾಲ್ ಬಂತು. ಒಣಗಿದ ನಲ್ಲಿ, ಖಾಲಿ ಕೊಡಗಳ ಸಾಲು, ನಡುವೆ ಬೊಚ್ಚುಬಾಯಿ ತುಂಬ ನಗುತ್ತಿರುವ ಮುನಿಗಂಗಮ್ಮ.

"ಒಂದ್ ತೊಟ್ಟೂ ಇಲ್ಲ ಕಣೋ ಸೆಲ್ವ!" ಅಂದಳು ಕಲಾ.

"ಯಾಕಜ್ಜಿ ಒತ್ತಿದೆ?" ಅಂದ ಹುಡುಗ.

"ಎಲ್ರೂ ಓಗ್ಬುಟ್ರಲ್ಲಪ್ಪ, ಬೀದಿ ಬಿಕೋ ಅಂತಿತ್ತು. ಒತ್ತಿದ್ರೆ ಎಲ್ರೂ ಓಡ್ಬತ್ತಾರೆ ಅಂತ ನೀನೇ ಯೋಳಿದ್ದಲ್ವಾ? ನೋಡು, ಬಂದವ್ರೆ! ಎಷ್ಟ್ ಚೆಂದಾಗ್ ಮಾಡಿದ್ದೀಯಲಾ!"

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. "ಸುಳ್ಳು ಹೇಳುವ ಮಾಹಿತಿ ವ್ಯವಸ್ಥೆ. ಮುಂದಿನ ವರ್ಷ ನೋಡೋಣ."

ಅಜ್ಜಿಗೆ ಅದೂ ಕೇಳಿಸಿತು. "ಕೇಳುದ್ರಾ, ಸೆಲ್ವ ಇನ್ನೊಂದ್ ವರ್ಸ ಎಲ್ಲೂ ಓಗಲ್ವಂತೆ!" ಅಂತ ಬೀದಿಗೆಲ್ಲ ಸಾರಿದಳು.

ನಕ್ಕಿದ್ದು ಸಾಕು. ಅವನ ಜೊತೆ ಓದಿದವರು ಯಾರಾದರೂ ನಿಮ್ಮ ಫೋನಿನಲ್ಲಿದ್ದರೆ ಇದನ್ನು ಅವರಿಗೂ ಕಳಿಸಿ. ಒಬ್ಬನಾದರೂ ಆ ಹುಡುಗನಿಗೆ ಫೋನು ಮಾಡಿ ಮಾತಾಡಿಸಲಿ.