ಕಾಂತರಾಜನಿಗೆ ಬಡಿದ ಲಕ್ವ

ಕಾಂತರಾಜ್ ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಇಟ್ಟಿದ್ದು ಹೆಂಡ, ಬ್ರಾಂದಿ, ವಿಸ್ಕಿ ಈ ಮೂರರ ಮೇಲೆ. ಗುಳಿಗೆಯ ಮಾತನ್ನು ಪೂಜಾರಿ ಎತ್ತಲಿಲ್ಲ, ಇವನೂ ನೆನಪಿಸಲಿಲ್ಲ. ಹಾಗಾಗಿ ಅವ್ವ ದೊಡ್ಡತಾಯಮ್ಮನಿಗೆ ಡಾಕ್ಟರು ಬರೆದುಕೊಟ್ಟಿದ್ದ ನಿದ್ದೆ ಗುಳಿಗೆಯಲ್ಲಿ ಆಗೊಂದು ಈಗೊಂದು ಎಗರಿಸಿ ನುಂಗುವುದು ಅವನ ಪ್ರಕಾರ ತಪ್ಪೇ ಅಲ್ಲ. ವಾಸನೆಯಿಲ್ಲ, ಗಲಾಟೆಯಿಲ್ಲ, ಲೋಕದ ಚಿಂತೆಯೆಲ್ಲ ಪಕ್ಕದ ಮನೆಯವರದು ಅನ್ನಿಸುತ್ತದೆ.

ಅವತ್ತು ತಾಲ್ಲೂಕು ಕೇಂದ್ರ ಕೋಟೆಯ ಕಲ್ಯಾಣ ಮಂಟಪದಲ್ಲಿ ಮದ್ಯವರ್ಜನ ಶಿಬಿರದ ಸಮಾರೋಪ. ಕುಡಿತ ಬಿಟ್ಟವರಲ್ಲಿ ಮಾದರಿ ಎಂದು ಕಾಂತರಾಜನಿಗೇ ಸನ್ಮಾನ, ಅವನದೇ ಭಾಷಣ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಆರು ತಿಂಗಳಿಂದ ತವರಿನಲ್ಲಿದ್ದ ಹೆಂಡತಿ ಶಿವರುದ್ರಮ್ಮ ಅಣ್ಣನ ಜೊತೆ ಎನ್. ಬೇಗೂರಿನಿಂದ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಗಂಡ ನೆಟ್ಟಗಾಗಿರುವುದನ್ನು ಕಣ್ಣಾರೆ ಕಂಡರೆ ಸಂಜೆ ಬಸ್ಸಿಗೆ ಅವನ ಜೊತೆ ಹೊರಡುವುದು, ಇಲ್ಲದಿದ್ದರೆ ಮತ್ತೆಂದೂ ಅವನ ಮುಖ ನೋಡದಿರುವುದು ಎಂದು ಮಾತಾಗಿತ್ತು.

ನಾನೂರು ಜನ, ಎದುರಿಗೆ ಮೈಕು. ಕಾಂತರಾಜನ ಕೈಕಾಲು ನಡುಗಿದವು. ನಲ್ಲಿಯ ಹತ್ತಿರ ಹೋಗಿ ಒಂದು ಗುಳಿಗೆ ನುಂಗಿದ. ಹತ್ತು ನಿಮಿಷವಾದರೂ ನಡುಕ ನಿಲ್ಲಲಿಲ್ಲ, ಇನ್ನೊಂದು ನುಂಗಿದ. ಅಧ್ಯಕ್ಷರ ಭಾಷಣ ಮುಗಿಯುವ ಹಾಗೆ ಕಾಣಲಿಲ್ಲ, ಮತ್ತೊಂದು. ಮೂರೂ ಒಟ್ಟಿಗೆ ಕೆಲಸ ಶುರು ಮಾಡಿದ್ದು ಅವನ ಹೆಸರು ಕೂಗಿದ ಮೇಲೆ.

"ಮಾನ್ಯರೇ..." ಅಂದ. ನಾಲಿಗೆ ನೆನೆದ ಗೋಣಿಚೀಲದ ಹಾಗೆ ಭಾರವಾಗಿತ್ತು. "ನನ್ ಬಾಳು ಬೆಳಗ್ಸಿದ್ದು ನನ್ನೆಂಡ್ರು... ಶಿ... ಶಿರು... ಶಿವ್ರು..." ಹೆಸರು ಕೈಗೆ ಸಿಗದೆ ಕೊನೆಗೆ ಮೈಕಿನ ಕಂಬವನ್ನೇ ತಬ್ಬಿಕೊಂಡ.

"ಕುಡ್ದು ಬಂದವ್ನೆ ಕಣ್ರಪ್ಪೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಶಿವರುದ್ರಮ್ಮ ಚಪ್ಪಲಿ ಮೆಟ್ಟಿ ಎದ್ದೇ ಬಿಟ್ಟಳು. ಅತಿಥಿಯಾಗಿ ಬಂದಿದ್ದ ಎಸ್ಸೈ ಸಾಹೇಬರು ಜೀಪಿನಿಂದ ಊದುವ ಮಿಷನ್ ತರಿಸಿ ಅವನ ಬಾಯಿಗಿಟ್ಟರು. ಸೊನ್ನೆ. ಇನ್ನೊಮ್ಮೆ ಊದಿಸಿದರು. ಅದೂ ಸೊನ್ನೆ.

ಆ ಮಬ್ಬಿನಲ್ಲೂ ಕಾಂತರಾಜ್ ಹಿಗ್ಗಿದ. ಅಷ್ಟರಲ್ಲಿ ಹೆಂಡತಿಯ ಅಣ್ಣ ವೇದಿಕೆಗೆ ಹಾರಿದ. "ಕುಡ್ದಿಲ್ಲ, ಆದ್ರೂ ನಾಲ್ಗೆ ತೊದಲ್ತೈತೆ, ಕಾಲು ನಿಲ್ತಾ ಇಲ್ಲ. ಇದು ಲಕ್ವ ಕಣ್ರೋ! ಎತ್ರೋ ಭಾವನ್ನ ಆಸ್ಪತ್ರೆಗೆ!"

ಕಾಂತರಾಜನ ನೆನಪು ಅಲ್ಲಿಗೆ ನಿಂತಿತು. ಕಣ್ಣು ಬಿಟ್ಟಾಗ ಮಾರನೆಯ ದಿನ ಬೆಳಗ್ಗೆ ಹತ್ತು ಗಂಟೆ. ಆಸ್ಪತ್ರೆಯ ಮಂಚದ ಪಕ್ಕ ಶಿವರುದ್ರಮ್ಮ ಕೆಂಪು ಕಣ್ಣು ಮಾಡಿಕೊಂಡು ಕೂತಿದ್ದಳು.

"ಲಕ್ವ ಅಂತೆ ಕಣ್ರೀ" ಅಂದಳು. "ನಾನಿನ್ನು ನಿಮ್ಮನ್ನ ಬುಟ್ಟು ಎಲ್ಲೂ ಓಗಕಿಲ್ಲ."

ನಿಜ ಹೇಳಿದರೆ ಹೆಂಡತಿ ಹೋಗುತ್ತಾಳೆ, ಹೇಳದಿದ್ದರೆ ಲಕ್ವ ಉಳಿಯುತ್ತದೆ. ಕಾಂತರಾಜ್ ಲಕ್ವವನ್ನು ಆರಿಸಿಕೊಂಡ.

ಆಸ್ಪತ್ರೆಯಿಂದ ಹೊರಟ ಆಟೋ ನೇರವಾಗಿ ನಾಟಿ ವೈದ್ಯ ಚಿಕ್ಕಮಾದಯ್ಯನ ಜಗಲಿಗೆ ಹೋಯಿತು. "ಯಾವ ಕೈಲಾ ಬಿದ್ದೋಗಿರಾದು?" ಎಂದು ಮುದುಕ ಕೇಳಿದ. ಕಾಂತರಾಜ್ ಸ್ವಲ್ಪ ಯೋಚಿಸಿ ಎಡಗೈ ಜೋಲುಬಿಟ್ಟ. ಬಿಸಿ ಎಣ್ಣೆ ಹಾಕಿ ಚರ್ಮ ಕಿತ್ತು ಬರುವಂತೆ ತಿಕ್ಕಿದರು, ಉರಿಯುವ ಸೊಪ್ಪು ಅರೆದು ಕಟ್ಟಿದರು. ಉಪ್ಪು, ಹುಳಿ, ಖಾರ, ಬೀಡಿ ಯಾವುದೂ ಕೂಡದು, ಹೊಸಿಲು ದಾಟಬಾರದು, ಬೇರೆ ಯಾವ ಔಷಧಿಯೂ ಹೊಟ್ಟೆಗೆ ಹೋಗಬಾರದು. ನಲವತ್ತೊಂದು ದಿನ ಪಥ್ಯ, ಜೊತೆಗೆ ದಿನಾ ಕಹಿ ಕಷಾಯ.

ಮನೆ ತಲುಪುವಷ್ಟರಲ್ಲಿ ಊರಿಗೆ ಊರೇ ನೋಡಲು ಬಂದಿತ್ತು. ಪಕ್ಕದ ಮನೆ ಕುಳ್ಳಮ್ಮ ಮಂಚಕ್ಕೆ ಅಂಟಿ ನಿಂತು, "ಎಡಗೈ ಅಂದ್ರಿ, ಎಡಗೈಲೇ ನೊಣ ಓಡುಸ್ತಾವ್ನಲ್ಲ!" ಅಂದಳು. ಕಾಂತರಾಜ್ ಗಾಬರಿಯಲ್ಲಿ ಬಲಗೈ ಜೋಲುಬಿಟ್ಟ.

"ಅಯ್ಯೋ, ಆ ಕಡೀಕೂ ಬಂತಾ? ಅದ್ಕೂ ಎಣ್ಣೆ ಆಕ್ಬುಡಾನ" ಎಂದು ಶಿವರುದ್ರಮ್ಮ ಸೆರಗು ಸಿಕ್ಕಿಸಿ ಬಂದಳು.

ಸಂಜೆ ಸಪ್ಪೆ ರಾಗಿ ಗಂಜಿಯ ಎರಡನೇ ಬಟ್ಟಲು ಬಂದಾಗ ಅವನಿಗೆ ತಡೆಯಲಾಗಲಿಲ್ಲ. ಬಂದವರೆಲ್ಲ ಹೋಗಿದ್ದರು. "ನಂಗೆ ಲಕ್ವ ಗಿಕ್ವ ಏನೂ ಇಲ್ಲ ಕಣೇ. ಅವ್ವನ ನಿದ್ದೆ ಗುಳಿಗೆ ಮೂರು ನುಂಗ್ಬುಟ್ಟಿದ್ದೆ."

"ಗೊತ್ತು" ಅಂದಳು ಶಿವರುದ್ರಮ್ಮ. "ಆಸ್ಪತ್ರೇಲಿ ಡಾಕ್ಟ್ರಮ್ಮ ಆಗ್ಲೇ ತಿಳ್ಸುದ್ರು. ಅದ್ರ ಜೊತೆ ಎಂಡನೂ ಒಳಕ್ಕೆ ಓಗಿದ್ರೆ ಮಲಗಿದ್ದೋರು ಏಳ್ತಾನೇ ಇರ್ಲಿಲ್ವಂತೆ. ಉಸ್ರು ಎಲ್ಲಿ ನಿಂತೋಯ್ತದೋ ಅಂತ ಬೆಳಗಾನ ನಿಮ್ ಮೂಗಿನ್ ತಾವ ಬೆರಳಿಟ್ಕಂಡು ಕುಂತಿದ್ದೆ." ಕಾಂತರಾಜನಿಗೆ ನಿಜಕ್ಕೂ ನಾಚಿಕೆಯಾಯಿತು.

"ಮತ್ತೆ ಲಕ್ವ ಅಂದ್ಯಲ್ಲ?"

"ಗುಳಿಗೆ ಬುಡಿ ಅಂದ್ರೆ ನೀವು ಬುಡಾ ಪೈಕಿನಾ? ಈಗ ನೋಡಿ, ಕಾವಲಿಗೆ ಊರೇ ಐತೆ."

"ಈಗ ನಿಜ ಒಪ್ಕಂಡ್ನಲ್ಲ. ಆ ಎಣ್ಣೆ ಒಂದು ನಿಲ್ಸು ತಾಯಿ."

"ನಲ್ವತ್ತೊಂದ್ರಲ್ಲಿ ಇವತ್ತಿಗೆ ಬರೀ ಒಂದು ದಿನ ಆಗೈತೆ" ಎಂದು ಅವಳು ಕಷಾಯದ ಲೋಟ ಎತ್ತಿಕೊಂಡು ಒಳಗೆ ಕೂಗಿದಳು. "ಅತ್ತೇ, ಬನ್ನಿ, ನಿಮ್ ಮಗನ ಮೂಗು ಇಡ್ಕಳಿ."

ದೊಡ್ಡತಾಯಮ್ಮ ಬಾಗಿಲ ಹಿಂದೆಯೇ ಕಾಯುತ್ತಿದ್ದಳು.