ಗುಣವಾದ ಕಪ್ಪೆಗಳು ಮತ್ತು ನನ್ನ ಖಾಯಂ ನೌಕರಿ

ತೂಕವಿಲ್ಲದ ಜಾಗದಲ್ಲಿ ಬೆಳೆದ ಗೊದಮೊಟ್ಟೆಗಳಿಗೆ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ ಎಂಬುದು ನಮ್ಮ ಸಂಸ್ಥೆಯ ಅಧಿಕೃತ ನಿಲುವು. ಬಾಹ್ಯಾಕಾಶದಿಂದ ಮರಳಿದ ಅವು ತೊಟ್ಟಿಯಲ್ಲಿ ಸುಮ್ಮನೆ ಗಿರಕಿ ಹೊಡೆಯುತ್ತಿದ್ದವು. ಗಾಳಿಗಾಗಿ ಮೇಲೆ ಬರಬೇಕೆಂದು ಹೊಳೆಯದೆ ಶ್ವಾಸಕೋಶ ಮುದುಡಿಹೋಗಿತ್ತು. ಅವುಗಳ ಆರೈಕೆಗೆ ನನ್ನನ್ನು ತಾತ್ಕಾಲಿಕವಾಗಿ ನೇಮಿಸಲಾಯಿತು. ಚಿಕ್ಕಂದಿನಲ್ಲೇ ಶಾಲೆಗೆ ಕೈಮುಗಿದು, ಲಾರಿ ತೊಳೆದು, ಸರ್ಕಸ್ಸಿನ ಡೇರೆ ಕಟ್ಟಿ, ಎಲ್ಲೂ ನೆಟ್ಟಗೆ ನಿಲ್ಲದ ನನಗೆ ಅವುಗಳ ಕಷ್ಟ ಅರ್ಥವಾದೀತೆಂದು, ಅಲ್ಲೇ ಟೈಪಿಸ್ಟ್ ಆಗಿದ್ದ ಅಕ್ಕ ಶಿಫಾರಸು ಮಾಡಿದ್ದಳು.

"ಲೋ, ಇದನ್ನೂ ಬಿಟ್ಟು ಬಂದ್ಯೋ, ನನ್ನ ಮನೆ ಹೊಸ್ತಿಲು ತುಳೀಬೇಡ" ಎಂದಿದ್ದಳು.

ನಾನು ನಿಷ್ಠೆಯಿಂದ ನೋಡಿಕೊಂಡೆ. ಪರಿಣಾಮ ಭೀಕರವಾಯಿತು. ಗೊದಮೊಟ್ಟೆಗಳು ಮೇಲೆ ಬಂದು ಗಾಳಿ ಕುಡಿದವು. ಕಾಲು ಬಂತು, ಬಾಲ ಹೋಯಿತು, ಕಪ್ಪೆಗಳಾಗಿ ಕುಪ್ಪಳಿಸತೊಡಗಿದವು.

ನಿರ್ದೇಶಕರು ತಲೆ ಮೇಲೆ ಕೈಹೊತ್ತು ಕೂತರು. "ಗುಣ ಮಾಡು ಅಂತ ನಿಂಗ್ಯಾರಯ್ಯಾ ಹೇಳಿದ್ದು?"

"ತಾವಾಗೇ ಆದವು ಸಾರ್."

"ರೋಗ ಇಲ್ಲದಿದ್ರೆ ಸಂಶೋಧನೆ ಎಲ್ಲಿ? ಸಂಶೋಧನೆ ಇಲ್ಲದಿದ್ರೆ ನಾನೆಲ್ಲಿ? ನೀನಂತೂ ಇವತ್ತೇ ಮನೆಗೆ!"

ಸಂಸ್ಥೆಯ ಆರೋಗ್ಯ ಸಮಿತಿ ತುರ್ತಾಗಿ ಸೇರಿ ಪ್ರಕಟಣೆ ಹೊರಡಿಸಿತು: "ಸದರಿ ಕಪ್ಪೆಗಳು ಕುಪ್ಪಳಿಸುತ್ತಿರುವುದು ಆರೋಗ್ಯದ ಲಕ್ಷಣವಲ್ಲ. ನೆಲದ ಮೇಲೆ ನಿಲ್ಲಲಾಗದಿರುವುದು ತೂಕರಹಿತ ಸ್ಥಿತಿಯ ದೀರ್ಘಕಾಲಿಕ ದುಷ್ಪರಿಣಾಮವೆಂದು ಈ ಮೂಲಕ ಘೋಷಿಸಲಾಗಿದೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಬೆದರಿದ ರೋಗಿಗಳು ಕಿಟಕಿಯಿಂದ ಹಾರಿ ಚರಂಡಿ ಸೇರಿದವು.

ಈಗ ರೋಗವಿತ್ತು, ರೋಗಿ ಇರಲಿಲ್ಲ. ಸಮಿತಿ ನನ್ನ ಕಡೆ ತಿರುಗಿತು.

"ಯಾವತ್ತಾದ್ರೂ ಒಂದು ಕಡೆ ನಿಂತಿದ್ದೀಯಾ?" ಎಂದು ಸಮಿತಿಯ ವೈದ್ಯರು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ, ಸಭೆಯ ನಡಾವಳಿ ಟೈಪ್ ಮಾಡುತ್ತಿದ್ದ ಅಕ್ಕ, "ಹುಟ್ಟಿದಾಗಿಂದ ಇಲ್ಲ ಸಾರ್, ಬೇಕಾದ್ರೆ ಅಮ್ಮನ್ನೇ ಕೇಳಿ" ಎಂದಳು.

"ಕಪ್ಪೆಗಳಿಂದ ಅಂಟಿದೆ" ಎಂದು ವೈದ್ಯರು ಬರೆದರು. ಹುಟ್ಟಿನಿಂದ ಇದ್ದ ಕಾಯಿಲೆ ಮೊನ್ನೆ ಮೊನ್ನೆ ಬಂದ ಕಪ್ಪೆಗಳಿಂದ ಹೇಗೆ ಅಂಟಿತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಹುದ್ದೆ ಖಾಯಂ ಆಗುವುದರಲ್ಲಿತ್ತು.

ಈಗ ನಾನು ಸಂಸ್ಥೆಯ ಖಾಯಂ ರೋಗಿ. ಕಿಟಕಿಗೆ ಜಾಲರಿ ಬಿಗಿದಿದ್ದಾರೆ. ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ. ಅಕ್ಕ ಮಕ್ಕಳನ್ನು ಕರೆತಂದು, "ನೋಡ್ರೋ, ನಿಮ್ಮ ಮಾವ ಕೊನೆಗೂ ಒಂದು ಕಡೆ ನಿಂತ" ಎಂದು ಹೆಮ್ಮೆಯಿಂದ ತೋರಿಸುತ್ತಾಳೆ.

ತೊಂದರೆ ಒಂದೇ. ಬದುಕಿನಲ್ಲಿ ಮೊದಲ ಸಲ ನನಗೆ ಎಲ್ಲಿಗೂ ಹೋಗಬೇಕು ಅನ್ನಿಸುತ್ತಿಲ್ಲ. ಗೊತ್ತಾದರೆ ಗುಣವಾಯಿತೆಂದು ಮನೆಗೆ ಕಳಿಸಿಬಿಡುತ್ತಾರೆ.

ಹಾಗಾಗಿ ತಪಾಸಣೆಯ ದಿನ ನಿರ್ದೇಶಕರು ಬಾಗಿಲಲ್ಲಿ ನಿಂತು "ಹೇಗಿದ್ದೀಯಪ್ಪಾ?" ಎಂದರೆ, ಕುಕ್ಕರುಗಾಲಲ್ಲಿ ಕೂತು ಕೈಲಾದಷ್ಟು ಎತ್ತರ ಕುಪ್ಪಳಿಸಿ ತೋರಿಸುತ್ತೇನೆ.

"ಸದ್ಯ!" ಎಂದು ಅವರು ನಿಟ್ಟುಸಿರು ಬಿಡುತ್ತಾರೆ. "ಸ್ವಲ್ಪವೂ ಗುಣವಾಗಿಲ್ಲ."