ಒಳಕ್ಕೆ ಸರಿದ ಸೈರನ್

ಕೇಳದೆ ಮಾಡುವ ಉಪಕಾರ ಕಂಡರೆ ನನಗೆ ಎದೆ ಡವಡವ ಅನ್ನುತ್ತದೆ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಪಾಯಸ ಬಿಡುವವರಿದ್ದಾರಲ್ಲ, ಅಂಥವರನ್ನು ಕಂಡರೆ ಭಯ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನಾನು ಪ್ರೋಗ್ರಾಂ ಬರೆಯುವ ಎಡಿಟರ್ ಎಂಬ ತಂತ್ರಾಂಶ ಇದೇ ಜಾತಿಯದು. 'ಹೀಗಾದರೆ' ಎಂದು ಒಂದು ಷರತ್ತು ಬರೆದು ಎಂಟರ್ ಒತ್ತಿದರೆ ಸಾಕು, ಮುಂದಿನ ಸಾಲುಗಳನ್ನೆಲ್ಲ ತಾನೇ ಅಂಚಿನಿಂದ ಒಳಕ್ಕೆ ಸರಿಸುತ್ತಾ ಹೋಗುತ್ತದೆ. ಒಳಗೆ ಸರಿದ ಸಾಲು ಆ ಷರತ್ತಿನ ಅಧೀನ. ಷರತ್ತು ಈಡೇರಿದರಷ್ಟೇ ಅದು ನಡೆಯುವುದು. ಹೊರಕ್ಕೆ ತರುವ ಕೆಲಸ ಮಾತ್ರ ನಮ್ಮದು. ಥೇಟ್ ನಮ್ಮ ಕನಕಪುರದ ಬಸ್ಸಿನ ಕಂಡಕ್ಟರ್! "ಒಳಕ್ಕೋಗಿ, ಒಳಕ್ಕೋಗಿ" ಎಂದು ತಳ್ಳುತ್ತಾನೆ, ಇಳಿಯುವಾಗ ಪತ್ತೆಯೇ ಇರುವುದಿಲ್ಲ.

ಕಳೆದ ಶನಿವಾರ ಬೆಳಿಗ್ಗೆ ನಮ್ಮ ಸೈರನ್ನನ್ನು ಕಂಪ್ಯೂಟರೇ ಕೂಗಿಸುವಂತೆ ಮಾಡಿದೆ. ಶನಿವಾರವಾದರೆ ಮಧ್ಯಾಹ್ನ ಒಮ್ಮೆ ಕೂಗಬೇಕು, ಸಂಜೆಯದು ದಿನಾ ಕೂಗಬೇಕು, ಅಷ್ಟೇ. ಅವತ್ತು ಎರಡೂ ಸರಿಯಾಗಿ ಕೂಗಿದವು. ಕೈಯಲ್ಲಿ ಒತ್ತಿ ಕೂಗಿಸುತ್ತಿದ್ದ ಹಳೆಯ ಗುಂಡಿಯನ್ನು ಹೆಮ್ಮೆಯಿಂದ ನಾನೇ ಕೀಳಿಸಿದೆ. ಗೇಟಿನಲ್ಲಿ ಫೋನು ಕೊಟ್ಟು ಒಳಗೆ ಬರುವ ನಮ್ಮವರಿಗೆ ಸೈರನ್ನೇ ಗಡಿಯಾರ. ಅದು ಕೂಗದೆ ಯಾರೂ ಮಿಷನ್ನಿನಿಂದ ಕೈ ತೆಗೆಯುವುದಿಲ್ಲ.

ಸೋಮವಾರ ಬೆಳಿಗ್ಗೆ ಮಿಷನ್ ನಡೆಸುವ ಮಾರೇಗೌಡರು ಬಂದರು. "ಸಾ, ಇವತ್ತು ಮಗಳನ್ನ ನೋಡಕ್ಕೆ ಗಂಡಿನ ಕಡೆಯೋರು ಬತ್ತಾವ್ರೆ. ರಜ ಸಿಗ್ನಿಲ್ಲ. ಸೈರನ್ ಒಸಿ ಸರ್ಯಾಗಿ ಕೂಗ್ಸಿ. ಉಯ್ಯಂಬಳ್ಳಿ ಬಸ್ಸು ತಪ್ಪೋದ್ರೆ ನನ್ ಮಾನ ಹೋಯ್ತದೆ."

"ಮನುಷ್ಯ ಮರೀಬೋದು ಗೌಡ್ರೆ, ಕಂಪ್ಯೂಟರ್ ಮರೆಯುತ್ತಾ?" ಎಂದೆ. ನನ್ನ ಬಾಯಿಗೆ ಬೀಗ ಹಾಕಬೇಕು.

ಸಂಜೆಯಾಯಿತು. ಸೈರನ್ ಇಲ್ಲ! ಪ್ರೋಗ್ರಾಂ ತೆರೆದರೆ, ಸಂಜೆಯ ಸಾಲು ಶನಿವಾರದ ಷರತ್ತಿನ ಮಡಿಲಲ್ಲಿ ಬೆಚ್ಚಗೆ ಕೂತಿದೆ. ಎಡಿಟರ್ ಮಹಾಶಯ ಅದನ್ನೂ ಒಳಕ್ಕೆ ಸರಿಸಿದ್ದಾನೆ, ನಾನು ನೋಡಿಲ್ಲ. ಅಂದರೆ ನಮ್ಮ ಕಾರ್ಖಾನೆಯಲ್ಲಿ ಇನ್ನು ಸಂಜೆಯಾಗುವುದು ಶನಿವಾರವೇ! ಸಾಲನ್ನು ಹೊರಕ್ಕೆಳೆದೆ. ಆದರೆ ಕೂಗುವ ಹೊತ್ತು ದಾಟಿತ್ತು, ಇನ್ನು ಕೂಗುವುದು ನಾಳೆ. ತಕ್ಷಣ ಕೂಗಿಸುವ ದಾರಿ ಆ ಗಾಬರಿಯಲ್ಲಿ ಎಲ್ಲಿ ಹೊಳೆಯಬೇಕು? ಕಣ್ಣ ಮುಂದೆ ಗೌಡರ ಮಗಳು ರೇಷ್ಮೆ ಸೀರೆ ಉಟ್ಟು ಅಪ್ಪನ ದಾರಿ ಕಾಯುತ್ತಿದ್ದಳು.

ಓಡಿ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತು, ಬಾಯಿಗೆ ಎರಡೂ ಕೈ ಹಿಡಿದು, ಉಸಿರಿದ್ದಷ್ಟೂ ಕೂಗಿದೆ: "ಕೂ...ಊ...ಊ!"

ಮಿಷನ್ನುಗಳು ಒಂದೊಂದಾಗಿ ನಿಂತವು. "ಇದ್ಯಾಕ್ ಸಾ, ನೀವೇ ಕೂಗ್ತಾ ಇದೀರಾ?" ಎಂದರು ಗೌಡರು.

"ಬಸ್ಸು ಗೌಡ್ರೇ, ಬಸ್ಸು! ಓಡಿ!"

ಅವರ ಹಿಂದೆ ನಾನೂ ಓಡಿದೆ, ನಮ್ಮೂರಿಗೂ ಅದೇ ಬಸ್ಸು. ಹೊರಟ ಬಸ್ಸನ್ನು ಬಡಿದು ನಿಲ್ಲಿಸಿ ಹತ್ತಿದೆವು. "ಒಳಕ್ಕೋಗಿ, ಒಳಕ್ಕೋಗಿ" ಎಂದ ಕಂಡಕ್ಟರ್. ಹೋದೆ. ನಮ್ಮೂರ ಸ್ಟಾಪ್ ಬಂದಾಗ ನಾನು ಮಧ್ಯದಲ್ಲಿ ಸಿಕ್ಕಿಕೊಂಡಿದ್ದೆ. "ಇಳೀಬೇಕು" ಎನ್ನಲು ಹೋದರೆ ಕೂಗಿ ಕೂಗಿ ಕಟ್ಟಿದ ಗಂಟಲಿನಿಂದ ಬರೀ ಗಾಳಿ ಬಂತು.

"ಹೋಗ್ಲಿ ಬುಡಿ ಸಾ, ನಮ್ಮನೇಲಿ ಉಪ್ಪಿಟ್ಟು ತಿನ್ಕಂಡು ಹೋಗೀರಂತೆ" ಎಂದು ಗೌಡರು ಕರೆದುಕೊಂಡು ಹೋದರು. ಗಂಡಿನ ಕಡೆಯವರು ಆಗಲೇ ಚಾಪೆಯ ಮೇಲೆ ಕೂತಿದ್ದರು. ಅವರಲ್ಲಿ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಇವ್ರು ಯಾರು?"

ನಾನು ಬಾಯಿ ತೆರೆದೆ. ಧ್ವನಿ ಬರಲಿಲ್ಲ. ಗೌಡರೇ ಅಭಿಮಾನದಿಂದ ಪರಿಚಯ ಮಾಡಿಸಿದರು:

"ಇವ್ರಾ? ನಮ್ ಕಾರ್ಖಾನೆ ಸೈರನ್ನು."